ಬೆಟ್ಟಕ್ಕೆ ಅಂತ ತಂದರು, ಅಟ್ಟಕ್ಕೆ ಹತ್ತಿಸಿದರು

ಹಬ್ಬದ ರಿಯಾಯಿತಿ ಮಾರಾಟ ಮತ್ತೆ ಶುರುವಾಗಿದೆ. ಮೊನ್ನೆ ತಮ್ಮನ ಮಗ ಬೆಂಗಳೂರಿನಿಂದ ಫೋನು ಮಾಡಿ, 'ದೊಡ್ಡಪ್ಪ, ನಾಲ್ಕು ಜನರ ಟೆಂಟು ಅರ್ಧ ಬೆಲೆಗೆ ಸಿಕ್ಕಿತು. ಊರಿನ ವಿಳಾಸಕ್ಕೇ ಹಾಕಿದ್ದೀನಿ, ಇಸ್ಕೊಂಡು ಇಡಿ' ಎಂದ. ಹಳೆಯ ಇಬ್ಬರ ಟೆಂಟು ಎಲ್ಲಿದೆ ಎಂದು ನಾನು ಕೇಳಲಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು, ಈ ಅಂಕಣ ಓದುತ್ತ ಬಂದಿರುವ ನಿಮಗೂ ಗೊತ್ತು.

ಏಣಿ ಹಾಕಿ ಅಟ್ಟ ಹತ್ತಿದೆ.

ಊರಿನ ಬಗ್ಗೆ ಒಂದು ಮಾತು. ಇದು ಚಾಮರಾಜನಗರದ ಹರದನಹಳ್ಳಿ. ಮಾಜಿ ಪ್ರಧಾನಿ ದೇವೇಗೌಡರ ಹರದನಹಳ್ಳಿ ಹೊಳೆನರಸೀಪುರದ ಕಡೆಯದು. ನಾವು ಹುಟ್ಟಿದಾಗಿನಿಂದ ಇದನ್ನು ಹೇಳುತ್ತಲೇ ಇದ್ದೇವೆ. ಪಾರ್ಸೆಲ್ ತರುವ ಹುಡುಗರಿಗೆ ಮಾತ್ರ ಇನ್ನೂ ಹೇಳಿ ಮುಗಿದಿಲ್ಲ.

ಅಟ್ಟದ ಮೇಲೆ ಟೆಂಟು ಹಳೆಯ ಒನಕೆಗೆ ಒರಗಿಕೊಂಡು ಕೂತಿತ್ತು. ಕೂತಿತ್ತು ಅನ್ನುವುದಕ್ಕಿಂತ ಚೆಲ್ಲಿಕೊಂಡಿತ್ತು ಅನ್ನಬೇಕು. ಅರ್ಧ ಮೈ ಚೀಲದೊಳಗೆ, ಅರ್ಧ ಹೊರಗೆ. ಹಸಿರು ಬಟ್ಟೆಯ ತುಂಬ ಅರಿಸಿನದ ಕಲೆ. ಪಕ್ಕದಲ್ಲಿ ಹಣೆಗೆ ಕಟ್ಟುವ ಲೈಟು, ಅದರ ಸೆಲ್ಲು ಸೋರಿ ತಂತಿಯೆಲ್ಲ ಪಾಚಿ ಬಣ್ಣಕ್ಕೆ ತಿರುಗಿತ್ತು. ಆಚೆ ಮಗ್ಗುಲಲ್ಲಿ ಒಂದು ಮಡಚುವ ಗುದ್ದಲಿ. ಮೂರು ತಲೆಮಾರಿನ ಗುದ್ದಲಿ, ಹಾರೆ, ಸನಿಕೆ ಕೊಟ್ಟಿಗೆಯಲ್ಲಿ ಸಾಲಾಗಿ ನಿಂತಿರುವ ಮನೆಗೆ ಆನ್‌ಲೈನಿನಲ್ಲಿ ಗುದ್ದಲಿ ತರಿಸಿದ ಮೊದಲಿಗ ನಮ್ಮ ಹುಡುಗನೇ ಇರಬೇಕು.

ಟೆಂಟಿನ ಹುಟ್ಟೂರು ಯಾವುದೋ ದೂರದ ಫ್ಯಾಕ್ಟರಿ. ಆದರೆ ಹಗಲೂ ರಾತ್ರಿ ಕೆಳಗಿನಿಂದ ನಮ್ಮವ್ವನ ಬಾಯಿ ಕೇಳಿ ಕೇಳಿ ಅದರ ಮಾತು ಪೂರ್ತಿ ನಮ್ಮ ಕಡೆಯದಾಗಿದೆ.

ನಾನು: ಚೆನ್ನಾಗಿದ್ದೀಯಾ?

ಟೆಂಟು: ಚೀಲ.

ನಾನು: ಏನು?

ಟೆಂಟು: ಚೀಲ ಕನ ಸ್ವಾಮಿ, ಚೀಲ! ಬಂದ ದಿವ್ಸ ನಾನು, ನನ್ನ ಎರಡು ಕೋಲು, ಗೂಟ, ಹಗ್ಗ ಎಲ್ಲ ಆ ಚೀಲದೊಳಗೆ ಆರಾಮಾಗಿದ್ದೋ. ಒಂದೇ ಒಂದ್ಸಲ ತಾರಸಿ ಮೇಲೆ ಬಿಚ್ಚುದ್ರು, ಅಷ್ಟೇ. ವಾಪಸ್ ತುಂಬಕ್ಕೆ ನಿಮ್ಮ ಹುಡುಗ, ಅವನ ಇಬ್ಬರು ಸ್ನೇಹಿತರು, ಕೊನೆಗೆ ನೀವು. ನಾಲ್ಕು ಜನ ನನ್ನ ಹೊಟ್ಟೆ ಮೇಲೆ ಮಂಡಿ ಊರುದ್ರಿ. ನೆಪ್ಪದಾ?

ನಾನು: ಅದಿರಲಿ. ನಿನ್ನನ್ನು ಯಾಕೆ ಕೊಂಡರು ಅಂತ ನಿನಗೆ ಅನಿಸುತ್ತದೆ?

ಟೆಂಟು: ಫ್ಯಾಕ್ಟರೀಲಿ ಗಾಳಿಯೆಲ್ಲ ಹಿಂಡಿ, ಬೀಡಿ ಸುತ್ತಿದಂಗೆ ಬಿಗಿಯಾಗಿ ಸುತ್ತಿ ಇಟ್ಟಿದ್ರು. ಮನೇಲಿ ಸೀರೆ ಮಡಚಿದಂಗೆ ನಾಲ್ಕು ಮಡಿಕೆ ಮಾಡಿ ತುರುಕಿದ್ರೆ ಹಿಡ್ದದಾ? ಕೋಲಿನ ಉದ್ದ ನೋಡ್ಕೊಂಡು, ಅಷ್ಟೇ ಅಗಲಕ್ಕೆ ಮಡಚಿ, ಬಾಗಿಲ ಕಡೆಗೆ ಗಾಳಿ ಹೋಗಂಗೆ ಸುತ್ತಬೇಕು. ನಿಮ್ಮ ಹುಡುಗ ಫೋನಿನಲ್ಲಿ ವಿಡಿಯೋ ಹಾಕ್ಕೊಂಡ. ವಿಡಿಯೋದವನು ಎರಡು ನಿಮಿಷಕ್ಕೆ ಮುಗಿಸ್ದ. ಇವ್ನು ಅದೇ ವಿಡಿಯೋನ ಒಂದೂವರೆ ಗಂಟೆ ನೋಡ್ದ.

ನಾನು: ಕಂಬಳಿಗೆ ಈ ಕಾಟವಿಲ್ಲ ನೋಡು. ಹೆಗಲ ಮೇಲೆ ಹಾಕಿಕೊಂಡರೆ ಹೊದಿಕೆ, ನೆಲಕ್ಕೆ ಹಾಸಿದರೆ ಹಾಸಿಗೆ, ಮಳೆ ಬಂದರೆ ಕೊಪ್ಪೆ, ಸಂತೆಗೆ ಹೋದರೆ ಮೂಟೆ, ಮದುವೆ ಮನೆಯಲ್ಲಿ ಗದ್ದುಗೆ. ಚೀಲವೇ ಬೇಡ. ಈ ಸೀಮೆಯ ಕುರುಬರು...

ಟೆಂಟು: ಸಂದರ್ಶನ ನಂದೋ, ಕಂಬಳೀದೋ?

ನಾನು: ನಿನ್ನದೇ. ನಿನ್ನ ಪೆಟ್ಟಿಗೆಯ ಮೇಲೆ '3000 ಮಿ.ಮೀ. ಜಲನಿರೋಧಕ' ಎಂದಿತ್ತು. ಹಾಗಂದರೆ?

ಟೆಂಟು: ಬಟ್ಟೆ ಮೇಲೆ ಕೊಳವೆ ನಿಲ್ಲಿಸಿ ನೀರು ಹುಯ್ತಾ ಹೋದ್ರೆ, 3000 ಮಿ.ಮೀ. ಎತ್ತರದ ನೀರಿನ ಭಾರ ಬರೋವರ್ಗೂ ಸೋರದಿಲ್ಲ ಅಂತ. ಬಾಳ ಒಳ್ಳೆ ಗುಣ. ಚಾಮರಾಜನಗರದ ಬಿಸಿಲಲ್ಲಿ ಮೂರು ವರ್ಷದಿಂದ ಅದನ್ನ ತೋರ್ಸಕ್ಕೆ ಕಾಯ್ತಾ ಇವ್ನಿ. ಒಳಗೆ ಇಬ್ಬರು ಮಲಗಿದ್ರೆ ಬೆಳಗಾನ ಅವರ ಉಸಿರೇ ನೀರಾಗಿ ತೊಟ್ಟಿಕ್ತದ, ಆ ಮಾತನ್ನ ಪೆಟ್ಟಿಗೆ ಮೇಲೆ ಬರ್ದಿರಲಿಲ್ಲ. 'ಇಬ್ಬರ ಟೆಂಟು' ಅಂದ್ರೆ ಮಗ್ಗುಲು ಬದಲಾಯಿಸಬಾರದು ಅಂತ ಒಪ್ಪಂದ ಮಾಡ್ಕೊಂಡ ಇಬ್ಬರು.

ನಾನು: ನಿನ್ನ ಆಚೆ ಮುದುರಿಕೊಂಡಿರುವವನು?

ಟೆಂಟು: ಮಲಗೋ ಚೀಲ. ಅವ್ನು ನೋಡಿ ಪುಣ್ಯವಂತ, ಅವ್ನೇ ಒಂದು ಚೀಲ. ಮೇಲೆ 'ಮೈನಸ್ 10 ಡಿಗ್ರಿ' ಅಂತ ಬರ್ದದ. ಆ ಚಳೀಲಿ ಸುಖವಾಗಿ ನಿದ್ದೆ ಬತ್ತದ ಅಂತ ನಿಮ್ಮ ಹುಡುಗ ತಿಳ್ಕೊಂಡ. ಇಂಥ ಚೀಲದ ಮೇಲೆ ದಪ್ಪಕ್ಷರದಲ್ಲಿ ಬರೆಯೋ ಅಂಕಿ ಎಷ್ಟೋ ಸಲ ಜೀವ ಉಳಿಸೋ ಅಂಕಿ, ನಿದ್ದೆ ಬರೋ ಅಂಕಿ ಬೇರೆ, ಅದು ಒಳಗಡೆ ಸಣ್ಣಕ್ಷರದಲ್ಲಿ ಇರ್ತದ.

ನಮ್ಮ ಜಿಲ್ಲೆಯಲ್ಲಿ ನೀರು ಗಡ್ಡೆ ಕಟ್ಟಿದ್ದನ್ನು ಫ್ರಿಜ್ಜಿನ ಹೊರಗೆ ಯಾರೂ ನೋಡಿಲ್ಲ. ಆದ್ದರಿಂದ ಎರಡು ಅಂಕಿಯೂ ಒಂದೇ.

ಅಷ್ಟರಲ್ಲಿ ಕೆಳಗಿನಿಂದ ಅವ್ವ: "ಏನ್ಲ ಮಗ, ಆ ಬಟ್ಟೆಗಂಟಿನ ಜೊತೆ ಮಾತಾಡ್ತಾ ಕೂತಿದ್ದಯ್ಯಾ? ಇಳಿಸ್ಲಾ ಅದನ್ನ, ಅರಿಸಿನ ಹರವಬೇಕು."

ಟೆಂಟು: ಕೇಳುದ್ರಾ? ಈ ಮನೇಲಿ ನನ್ನ ಬೆಲೆ ಅರ್ಥ ಆಗಿರೋದು ಅವ್ರಿಗೆ ಒಬ್ಬರಿಗೇ. ಬೇಯಿಸಿದ ಅರಿಸಿನ ಹರವಿದ್ರು, ರಾಗಿ ಮೆದೆಗೆ ಹೊದಿಸಿದ್ರು, ಮಳೇಲಿ ಮೇಕೆ ಮರಿ ಕಟ್ಟಿದ್ರು. ಒಂದಿನಾನೂ ಚೀಲಕ್ಕೆ ತುರುಕಲಿಲ್ಲ, ಸುಮ್ನೆ ಸುತ್ತಿ ಮೂಲೇಲಿ ಇಟ್ರು. ಚೀಲ ಅನ್ನೋ ಪದವೇ ಅವ್ರ ಬಾಯಲ್ಲಿ ಬರಲಿಲ್ಲ.

ನಾನು: ಕಾಡಿಗೆ ಹೋಗಬೇಕಿದ್ದವನು ನೀನು. ಬೇಸರವಿಲ್ಲವೇ? ಜಿಲ್ಲೆಯ ಹೆಚ್ಚುಕಡಿಮೆ ಅರ್ಧ ಕಾಡೇ ಇದೆ. ಆದರೆ ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನಗಳಿಗೇ ದಾರಿಯಿಲ್ಲ. ಬಿಳಿಗಿರಿರಂಗನ ಬೆಟ್ಟ ಹುಲಿ ಮೀಸಲು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದರೆ ನಮ್ಮ ಗಾಡಿಯನ್ನು ಕೆಳಗೇ ಬಿಟ್ಟು ಸರ್ಕಾರಿ ಬಸ್ಸು ಹತ್ತಬೇಕು, ಕತ್ತಲಾಗುವ ಮೊದಲೇ ಇಳಿಯಬೇಕು. ನಿನ್ನನ್ನು ಎಲ್ಲಿ ಹೂಡಬಹುದು ಅಂತ ಕೊಳ್ಳುವ ಮೊದಲು ಯಾರೂ ಕೇಳಲಿಲ್ಲವೇ?

ಟೆಂಟು: ಅಂಗಡಿಯವನು ಕೇಳದಿಲ್ಲ, ಕೊಳ್ಳೋನು ಕೇಳದಿಲ್ಲ. ಕೇಳಿದ್ರೆ ನಾನು ಬಿಕರಿಯಾಯ್ತೀನಾ? ನಿಮ್ಮ ಹುಡುಗ ನನ್ನ ಕೊಂಡ ರಾತ್ರೀನೇ ಬೆಟ್ಟ ಹತ್ತಿಬಿಟ್ಟ ಸ್ವಾಮಿ. ಹಾಸಿಗೆ ಮೇಲೆ ಮಲಗಿದ್ದ, ಫೋನು ಎದೆ ಮೇಲೆ ಇತ್ತು, ದುಡ್ಡು ಕಟ್ಟಾಯ್ತು, ಅವನ ಮುಖದಲ್ಲಿ ತುದಿ ಮುಟ್ಟಿದವನ ಕಳೆ. ಆಮೇಲೆ ಕಾಲಿನಲ್ಲಿ ಹತ್ತೋದು ಬರೀ ಬಾಕಿ ಕೆಲಸ.

ನಾನು: 2024ರ ಜನವರಿ ಕೊನೆಯ ವಾರ ಹೊರಟಿದ್ದನಲ್ಲ.

ಟೆಂಟು: ಹೊರಟಿದ್ದ. ಅದೇ ವಾರ ಕುಮಾರಪರ್ವತದ ಬುಡದಲ್ಲಿ ಜಾತ್ರೆ ಸೇರ್ದಂಗೆ ಜನ ಸೇರಿದ್ರು, ಫೋಟೋ ಎಲ್ಲ ಕಡೆ ಓಡಾಡ್ತು, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಕ್ಕೆಲ್ಲ ಸರ್ಕಾರ ತಡೆ ಹಾಕ್ತು. ನಾನು ಬಾಗಿಲ ತನಕ ಹೋಗಿ ವಾಪಸ್ ಬಂದೆ. ಚೀಲದಿಂದ ಅರ್ಧ ಆಚೆ ನೇತಾಡ್ಕೊಂಡು.

ನಾನು: ನಮ್ಮೂರಿನಲ್ಲೇ ಹುಟ್ಟಿದವರು ತೋಂಟದ ಸಿದ್ಧಲಿಂಗರು. ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕೂತವರ ಮೈಮೇಲೆ ಹುತ್ತ ಬೆಳೆಯಿತು ಎಂದು ಕತೆ. ಜೊತೆಗೆ ಟೆಂಟು ಒಯ್ದಿದ್ದರು ಎಂದು ಯಾರೂ ಹೇಳಿಲ್ಲ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರನ್ನು ನೋಡು. ತಲೆಯ ಮೇಲೆ ಒಂದು ಗಂಟು, ಬರಿಗಾಲು, 'ಉಘೇ' ಅಂದರೆ ಆಯಿತು. ಮೂರು ಕಲ್ಲಿಟ್ಟರೆ ಒಲೆ, ಟವಲು ಹಾಸಿದರೆ ಮನೆ. ಅವರಲ್ಲಿ ಹಳಬರ ಹೆಗಲ ಮೇಲೆ ಏನಿರುತ್ತದೆ ಹೇಳು?

ಟೆಂಟು: ಕಂಬಳಿ ಅಂತ ಹೇಳಿಸಬೇಕು ನಿಮಗೆ.

ನಾನು: ಕಂಬಳಿ!

ಟೆಂಟು: ಸ್ವಾಮಿ, ನಾನು ಒಂದೇ ಒಂದ್ಸಲ ಬೆಟ್ಟ ನೋಡಿದ್ದೀನಿ, ಅದು ನಿಮ್ಮ ಕಂಬಳಿ ಪುರಾಣದಲ್ಲಿ ಬರದಿಲ್ಲ. ಆ ತಡೆ ಬರೋಕೆ ಮೊದಲು, ನಾಗಮಲೆಗೆ. ನನ್ನ ಬಿಚ್ಚಕ್ಕೆ ಬಿಡಲಿಲ್ಲ, ಬರೀ ಬೆನ್ನ ಮೇಲೆ ಹೊತ್ಕೊಂಡು ಹೋಗಿ ಬಂದ. ಮಾದಪ್ಪನ ಬೆಟ್ಟದಿಂದ ನಾಗಮಲೆಗೆ ಹೋಗೋ ದಾರೀಲಿ ಇಂಡಿಗನತ್ತ ಸಿಕ್ತದ. ಅಲ್ಲಿ ಜಗುಲಿ ಮೇಲೆ ಇಳಿಸಿದ್ರು ನನ್ನ. ಊರಿನ ಮುದುಕ ಒಬ್ಬ ನನ್ನ ಚೀಲ ಮುಟ್ಟಿ, 'ಇದ್ರೊಳಗೆ ಏನದ?' ಅಂದ. ನಿಮ್ಮ ಹುಡುಗ, 'ಎರಡು ಕೋಲು, ಒಂದು ಬಟ್ಟೆ' ಅಂದ. ಮುದುಕ ಅಂದ, 'ನಮ್ಮ ಡೋಲೀನೂ ಅಷ್ಟೇ ಕನಪ್ಪ. ಒಂದು ಕೋಲು, ಒಂದು ಬಟ್ಟೆ.'

ಇದಕ್ಕೆ ನನ್ನ ಹತ್ತಿರ ಪ್ರಶ್ನೆ ಇರಲಿಲ್ಲ.

ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಕಾಡೂರುಗಳಿಂದ ಬಸುರಿಯರನ್ನೂ ಕಾಯಿಲೆಯವರನ್ನೂ ಡೋಲಿ ಕಟ್ಟಿ ಹೆಗಲ ಮೇಲೆ ಇಳಿಸಿದ ಸುದ್ದಿಯನ್ನು ಈ ಜಿಲ್ಲೆಯವರು ಓದಿ ಓದಿ ಮರಗಟ್ಟಿದ್ದೇವೆ. 2024ರ ಏಪ್ರಿಲ್ 26, ಲೋಕಸಭೆಗೆ ಮತದಾನ. ಮೂಲಸೌಕರ್ಯವಿಲ್ಲ, ಮತ ಹಾಕುವುದಿಲ್ಲ ಎಂದರು ಇಂಡಿಗನತ್ತದವರು. ಮನವೊಲಿಸಲು ಅಧಿಕಾರಿಗಳು ಹೋದರು, ಗಲಾಟೆಯಾಯಿತು, ಮತಗಟ್ಟೆ ಪುಡಿಯಾಯಿತು, ಯಂತ್ರ ಒಡೆಯಿತು. ಒಡೆದದ್ದು ತಪ್ಪು. ಆದರೆ 29ನೇ ತಾರೀಖಿಗೆ ಮರುಮತದಾನವೂ ಆಯಿತು. ಮೂರೇ ದಿನ. ಒಡೆದ ಯಂತ್ರಕ್ಕೆ ಬದಲಿ ಮೂರು ದಿನದಲ್ಲಿ ಬೆಟ್ಟ ಹತ್ತಬಲ್ಲದು ಎಂದಾದರೆ, ನೋವು ತಿನ್ನುತ್ತಿರುವ ಹೆಂಗಸು ಒಂದು ಕೋಲಿಗೆ ನೇತುಬಿದ್ದು ಯಾಕೆ ಇಳಿಯಬೇಕು?

ಕೇಳಿದರೆ ಈ ಬೆಟ್ಟ ವನ್ಯಧಾಮ, ಕಾನೂನು ಎನ್ನುತ್ತಾರೆ. ವನ್ಯಧಾಮವಾದದ್ದು 2013ರಲ್ಲಿ. ಊರುಗಳು ಅದಕ್ಕಿಂತ ಹಳೆಯವು. ಚಾರಣಿಗರ ನೂಕುನುಗ್ಗಲು 2024ರ ಜನವರಿಯಲ್ಲಿ ಆಯಿತು, ಅಕ್ಟೋಬರಿನಷ್ಟು ಹೊತ್ತಿಗೆ ಬುಕಿಂಗಿಗೆ 'ಅರಣ್ಯ ವಿಹಾರ' ಎಂಬ ಜಾಲತಾಣವೇ ಸಿದ್ಧವಾಯಿತು. ವಾರಾಂತ್ಯಕ್ಕೆ ಬಂದು ಹೋಗುವವನ ತೊಂದರೆಗೆ ಒಂಬತ್ತು ತಿಂಗಳಲ್ಲಿ ದಾರಿ ಹುಡುಕಿದ ಸರ್ಕಾರಕ್ಕೆ, ಅಲ್ಲೇ ಹುಟ್ಟಿ ಅಲ್ಲೇ ಸಾಯುವವನ ತೊಂದರೆ ಮಾತ್ರ ಕಡತದಲ್ಲಿ ಕೂತಿರುತ್ತದೆ. 2025ರ ಏಪ್ರಿಲ್ 24ರಂದು ಇಡೀ ಸಚಿವ ಸಂಪುಟವೇ ಮಾದಪ್ಪನ ಬೆಟ್ಟ ಹತ್ತಿ ಸಭೆ ಮಾಡಿತು. ಸಂಪುಟವನ್ನು ಯಾರೂ ಡೋಲಿಯಲ್ಲಿ ಹೊರಲಿಲ್ಲ.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಗೆದ್ದಲು ತಿಂದ ತೊಲೆಯಿಂದ ಪುಡಿ ಉದುರುತ್ತಿತ್ತು.

ನಾನು: ಹುಡುಗ ಆ ಮುದುಕನಿಗೆ ಏನಂದ?

ಟೆಂಟು: ಏನೂ ಅನ್ನಲಿಲ್ಲ. ಬರೋ ದಾರಿ ಪೂರ್ತಿ ಮಾತಾಡಲಿಲ್ಲ. ಮನೆಗೆ ಬಂದು ನನ್ನ ಅಟ್ಟಕ್ಕೆ ಎಸೆದ. ನಾನು ತಿಳ್ಕೊಂಡೆ, ಹುಡುಗನಿಗೆ ಬುದ್ಧಿ ಬಂತು ಅಂತ. ಹದಿನೈದು ದಿನಕ್ಕೆ ಆ ಮಡಚೋ ಗುದ್ದಲಿ ಬಂತು.

ನಾನು: ಈಗ ನಾಲ್ಕು ಜನರದ್ದು ಬರುತ್ತಿದೆ.

ಟೆಂಟು: ಗೊತ್ತು. ಅದ್ರ ಚೀಲ ದೊಡ್ಡದಾ?

ನಾನು: ಅದಕ್ಕೇ ನಾನು ಹೇಳುವುದು, ಈ ಕಾಲದ ಹುಡುಗರು ಒಂದು ಕಂಬಳಿ ಕೊಂಡಿದ್ದರೆ...

ಟೆಂಟು: ನಿಲ್ಸಿ ಸ್ವಾಮಿ. ಕಂಬಳೀಲಿ ಕೂತು ಉಣ್ಣೋನು ಕೂದಲು ಹುಡುಕಬಾರದು. ಇಷ್ಟೊತ್ತಿಂದ ನಾನು ಯಾವುದರ ಮೇಲೆ ಕೂತಿದ್ದೀನಿ, ಒಂಚೂರು ಬಗ್ಗಿ ನೋಡಿ.

ಬಗ್ಗಿ ನೋಡಿದೆ. ಟೆಂಟಿನ ಅಡಿಯಲ್ಲಿ ಕಪ್ಪು ಕಂಬಳಿ, ನಾಲ್ಕು ಮಡಿಕೆ, ಹಾಗೇ ಇದೆ. ಮೈಸೂರಿನಲ್ಲಿ ಒಂದು ಕರಕುಶಲ ಮೇಳದಲ್ಲಿ ಕೊಂಡದ್ದು. ಬೆಲೆಯ ಚೀಟಿ ಕೂಡ ಕಿತ್ತಿಲ್ಲ. ಕೊಂಡ ರಾತ್ರಿ ಒಂದು ಸಲ ಹೊದ್ದಿದ್ದೆ. ಹತ್ತು ನಿಮಿಷ. ಮಾರನೆಯ ದಿನ ಅದರ ಮೇಲೆ ಒಂದು ಅಂಕಣ ಬರೆದೆ. ನೀವು ಮೆಚ್ಚಿ ಪತ್ರ ಬರೆದಿದ್ದಿರಿ.

ಟೆಂಟು: ಅಟ್ಟ ಹಾರದವನು ಬೆಟ್ಟ ಹಾರಾನಾ ಅಂತ ಗಾದೆ ಅದ. ಅಟ್ಟದ ಮೇಲೆ ಇರೋವೆಲ್ಲ ಬೆಟ್ಟಕ್ಕೆ ಅಂತಾನೇ ಬಂದವು ಕನ. ನಾನು ಹುಡುಗಂದು, ಅದು ನಿಮ್ದು. ಅವ್ನಿಗೆ ಹೊಸದರ ಹುಚ್ಚು, ನಿಮಗೆ ಹಳೇದರ ಹುಚ್ಚು. ದುಡ್ಡು ಕೊಟ್ಟಿದ್ದು ಇಬ್ಬರೂವೆ, ಮಲಗಿದ್ದು ಇಬ್ಬರೂ ಮಂಚದ ಮೇಲೆ.

ಸಂದರ್ಶನ ಮುಗಿಸುವುದು ಒಳ್ಳೆಯದು ಅನಿಸಿತು. ಅವ್ವ ಕೆಳಗಿನಿಂದ ಮೂರನೆಯ ಸಲ ಕೂಗಿದಳು. ಟೆಂಟನ್ನು ಚೀಲಕ್ಕೆ ತುಂಬಿ ಇಳಿಸೋಣವೆಂದು ಮಂಡಿ ಊರಿದೆ. ಅರ್ಧ ಹೋಯಿತು. ಇನ್ನರ್ಧ ತುರುಕುವಾಗ ಮೊದಲರ್ಧ ಈಚೆ ಬಂತು. ಹೊಲಿಗೆ ಪರ್ರೆಂದಿತು. ಚೀಲದ ಕತೆ ಅಲ್ಲಿಗೆ ಮುಗಿಯಿತು.

ಕೊನೆಗೆ ಕಂಬಳಿ ಬಿಚ್ಚಿ ಹಾಸಿ, ಟೆಂಟು, ಕೋಲು, ಗೂಟ, ಹಗ್ಗ ಎಲ್ಲವನ್ನೂ ನಡುವಿಗೆ ಹಾಕಿ, ನಾಲ್ಕು ಮೂಲೆ ಎತ್ತಿ ಗಂಟು ಹಾಕಿದೆ. ಒಂದೂ ಹೊರಗೆ ಉಳಿಯಲಿಲ್ಲ.

"ನೋಡಿದೆಯಾ?" ಅಂದೆ.

ಒಳಗಿನಿಂದ ಸಣ್ಣ ದನಿ ಬಂತು: "ಚುಚ್ಚುತದ."