ಪ್ರಾಗ್‌ನಲ್ಲಿ ಪಲ್ಯದ ಪ್ರಶ್ನೆ

ಬರ್ಲಿನ್ನಿನಲ್ಲೋ ಮ್ಯೂನಿಕ್ಕಿನಲ್ಲೋ ಇರುವ ಮಗಳ ಮನೆಗೆ ಮೂರು ತಿಂಗಳ ವೀಸಾ ಹಿಡಿದು ಹೋದ ಕನ್ನಡದ ಅಪ್ಪ ಅಮ್ಮಂದಿರಿಗೆ ಪ್ರಾಗ್ ತಪ್ಪಿದ್ದಲ್ಲ. ಎರಡು ಊರುಗಳಿಂದಲೂ ನಾಲ್ಕೈದು ಗಂಟೆಯ ದಾರಿ. 1357ರಲ್ಲಿ ಕಟ್ಟಲು ತೊಡಗಿದ ಚಾರ್ಲ್ಸ್ ಸೇತುವೆ, 1410ರ ಗಡಿಯಾರ, ಗುಡ್ಡದ ಮೇಲೆ ಕೋಟೆ, ಕೆಳಗೆ ವ್ಲ್ಟಾವಾ ನದಿ. ಜೊತೆಗೆ ಚೀಲದಲ್ಲಿ ಚಟ್ನಿಪುಡಿ, ಗೊಜ್ಜವಲಕ್ಕಿ, ಪುಳಿಯೋಗರೆ ಗೊಜ್ಜು ಮತ್ತು ಮಗುವಿನ ಹಾಗೆ ಬಟ್ಟೆ ಸುತ್ತಿ ಮಲಗಿಸಿದ ಪುಟ್ಟ ರೈಸ್ ಕುಕ್ಕರ್. ತುಪ್ಪ ಮಾತ್ರ ಊರಿನಿಂದ ಬರುವಂತಿಲ್ಲ, ಏಕೆಂದರೆ ಹೊರಗಿನ ದೇಶದ ಪ್ರಯಾಣಿಕರು ಮಾಂಸವನ್ನೂ ಹಾಲಿನ ಪದಾರ್ಥವನ್ನೂ ತರಕೂಡದೆಂಬುದು ಯುರೋಪಿಯನ್ ಒಕ್ಕೂಟದ ನಿಯಮ. ನಮ್ಮ ಮನೆಗಳಲ್ಲಿ ಒಂದೇ ಪಂಕ್ತಿಯಲ್ಲಿ ಕೂರಿಸಲಾಗದ ತುಪ್ಪ ಮತ್ತು ಹಂದಿಮಾಂಸ ಆ ಕಸ್ಟಮ್ಸ್ ಕಟ್ಟೆಯಲ್ಲಿ ಅಕ್ಕಪಕ್ಕ ನಿಲ್ಲುತ್ತವೆ. ಇಂಥ ಪ್ರವಾಸ ಮುಗಿಸಿ ಬಂದವರ ವರದಿ ಸಾಮಾನ್ಯವಾಗಿ ಒಂದೇ ಸಾಲಿನದು: ಊರು ಸ್ವರ್ಗ, ಊಟ ನರಕ. ಈ ವರದಿಯ ಮೊದಲರ್ಧಕ್ಕೆ ನನ್ನ ತಕರಾರಿಲ್ಲ. ಎರಡನೆಯದು ತಪ್ಪು ತೀರ್ಪು, ಮತ್ತು ತಪ್ಪಿದ್ದು ಊರಲ್ಲ, ಹುಡುಕಿದ ಜಾಗ.

ಮೊದಲು ಮೆನುವಿನ ಭಾಷೆ ನೋಡಿ. ನಮ್ಮಲ್ಲಿ ಹೆಸರಿಲ್ಲದವನು ಮಾಂಸಾಹಾರಿ. ಅವನು ‘ನಾನ್-ವೆಜ್’, ಅಂದರೆ ವೆಜ್ ಅಲ್ಲದವನು. ಇರುವುದನ್ನು ತಿನ್ನುವವನಿಗೆ ಇಲ್ಲದ್ದರಿಂದ ಹೆಸರು. ಪ್ರಾಗ್‌ನಲ್ಲಿ ಈ ಅವಮಾನ ತಿರುಗಿ ನಮ್ಮ ಪಾಲಿಗೆ ಬರುತ್ತದೆ. ಅಲ್ಲಿನ ಹಳೆಯ ಶೈಲಿಯ ಮೆನುವಿನಲ್ಲಿ ನಮ್ಮ ಊಟದ ತಲೆಬರಹ ‘ಬೆಝ್‌ಮಾಸಾ ಯೀಡ್ಲಾ’, ಮಾಂಸವಿಲ್ಲದ ತಿನಿಸುಗಳು. ಈ ‘ಮಾಸೋ’ ಮತ್ತು ನಮ್ಮ ‘ಮಾಂಸ’ ಒಂದೇ ಬೇರಿನ ಕವಲುಗಳು. ಭಾಷಾಶಾಸ್ತ್ರದ ದೃಷ್ಟಿಯಲ್ಲಿ ದಾಯಾದಿಗಳು. ಹೀಗಾಗಿ ಚೆಕ್ ಬಾರದ ಕನ್ನಡಿಗನಿಗೂ ಬೇಕಾದ ಒಂದೇ ಪದ ಮೊದಲೇ ಗೊತ್ತಿದೆ. ತೊಂದರೆ ಏನೆಂದರೆ, ಅಲ್ಲಿ ಮಾಸೋ ಅಂದರೆ ತಟ್ಟೆಯ ನಡುವೆ ಕೂರುವ ತುಂಡು. ಅದರ ತೂಕವನ್ನು ಹೆಸರಿನ ಪಕ್ಕ 150 ಗ್ರಾಂ ಎಂದು ಅಚ್ಚು ಹಾಕುವಷ್ಟು ಮರ್ಯಾದೆ ಅದಕ್ಕೆ. ಮೇಲೆ ಉದುರಿಸುವ ಶುಂಕಾ, ಅಂದರೆ ಹ್ಯಾಮ್, ಹಳೆಯ ಕಾಲದ ಅಡುಗೆಯವನ ಲೆಕ್ಕದಲ್ಲಿ ಒಗ್ಗರಣೆ. ಒಗ್ಗರಣೆಗೆ ಹಾಕಿದ ಸಾಸಿವೆಯನ್ನು ನಾವು ಯಾವತ್ತಾದರೂ ತರಕಾರಿ ಎಂದು ಎಣಿಸಿದ್ದೇವೆಯೇ? ಇನ್ನು ಹೆಸರನ್ನು ನಂಬಿ ಹೋದರೆ ಕೆಟ್ಟಿರಿ. ‘ಮೊರಾವಿಯಾದ ಗುಬ್ಬಚ್ಚಿ’ ಎಂಬುದು ಹಂದಿ, ‘ಸ್ಪೇನಿನ ಹಕ್ಕಿ’ ಎಂಬುದು ದನ, ‘ನೀರಿಗೆ ಬಿದ್ದು ಸತ್ತವನು’ ಎಂಬರ್ಥದ ಉಟೊಪೆನೆಟ್ಸ್ ಎಂಬುದು ಉಪ್ಪಿನಕಾಯಿ ಹಾಕಿದ ಸಾಸೇಜು. ನಮ್ಮ ಮೈಸೂರು ಪಾಕಿನಲ್ಲಿ ಮೈಸೂರು ಇಲ್ಲ, ಒಪ್ಪೋಣ. ಆದರೆ ಮೈಸೂರು ಅಂತ ಹೇಳಿ ನಾವು ಇನ್ನೊಂದು ಊರನ್ನು ತುಂಬಿ ಕೊಡುವುದಿಲ್ಲ.

ಇಷ್ಟಕ್ಕೇ ಊರು ಮಾಂಸಮಯ ಎಂದು ತೀರ್ಮಾನಿಸುವವರಿಗೆ ಒಂದು ಪ್ರಶ್ನೆ. ಬೆಂಗಳೂರಿಗೆ ಬಂದ ಚೆಕ್ ಪ್ರವಾಸಿ ಮೂರು ದಿನ ಮಿಲಿಟರಿ ಹೋಟೆಲಿನಲ್ಲೇ ಉಂಡರೆ ಕನ್ನಡಿಗರ ಬಗ್ಗೆ ಏನು ಬರೆದುಕೊಂಡಾನು? ಇವರು ಬೆಳಿಗ್ಗೆ ಕಾಲು ಸೂಪು ಕುಡಿದು, ಮಧ್ಯಾಹ್ನ ಖೀಮಾ ಉಂಡೆ ನುಂಗಿ, ರಾತ್ರಿ ಮತ್ತೆ ಕಾಲಿಗೇ ಬೀಳುತ್ತಾರೆ ಎಂದು. ದರ್ಶಿನಿಯಲ್ಲೇ ಉಂಡರೆ, ಇಡೀ ಜನಾಂಗ ನಿಂತುಕೊಂಡು ದೋಸೆ ತಿಂದು ಬದುಕುತ್ತದೆ ಎಂದು. ಬಸ್ಸಾರು, ಉಪ್ಸಾರು, ಹುರುಳಿಕಟ್ಟು, ತಂಬುಳಿ ಅವನ ಡೈರಿಗೆ ಬರುವುದೇ ಕಷ್ಟ. ಹೋಟೆಲು ಎನ್ನುವುದು ಒಂದು ಜನ ಮನೆಯಲ್ಲಿ ದಿನವೂ ಮಾಡಲಾಗದ್ದನ್ನು ದುಡ್ಡು ಕೊಟ್ಟು ತಿನ್ನುವ ಜಾಗ. ಬೊಹೇಮಿಯಾದ ಹಳ್ಳಿಯ ಬಡವನಿಗೆ ಮಾಂಸ ದಿನದ ಮಾತಾಗಿರಲಿಲ್ಲ. ಚಳಿಗಾಲದಲ್ಲಿ ಹಂದಿ ಕಡಿದಾಗ ಹಬ್ಬ, ಉಳಿದಂತೆ ಹಿಟ್ಟು, ಕೋಸು, ಬಟಾಣಿ, ಬೇಳೆ, ಅಣಬೆ, ಆಮೇಲೆ ಆಲೂಗಡ್ಡೆ. ಹಂದಿ-ಕಡುಬು-ಕೋಸಿನ ‘ವೆಪ್ಶೊ-ಕ್ನೆಡ್ಲೊ-ಝೆಲೊ’ ಅಲ್ಲಿನ ಹಬ್ಬದೂಟ. ನೋಡಲು ಬಂದವರಿಗೆ ಯಾರೂ ವಾರದ ದಿನದ ಊಟ ಬಡಿಸುವುದಿಲ್ಲವಾದ್ದರಿಂದ ನಮಗೆ ಕಂಡದ್ದು ಹಬ್ಬ ಮಾತ್ರ.

ಹಾಗಾದರೆ ಸಸ್ಯಾಹಾರ ಎಲ್ಲಿದೆ? ಬಡತನದಲ್ಲಿದೆ, ಮತ್ತು ಉಪವಾಸದಲ್ಲಿದೆ. ಈಸ್ಟರಿಗೆ ಮುಂಚಿನ 40 ದಿನದ ವ್ರತಕ್ಕೆ ಹೊಸ್ತಿಲಾಗುವ ಜಾತ್ರೆಯಂಥ ದಿನಗಳಿಗೆ ಚೆಕ್ಕರ ಹೆಸರು ‘ಮಾಸೊಪುಸ್ಟ್’, ಮಾಂಸಕ್ಕೆ ವಿದಾಯ. ವ್ರತದ ಹಳೆಯ ತಿನಿಸುಗಳಲ್ಲಿ ಒಂದು ಪುಚಾಲ್ಕಾ: ಬಟಾಣಿ ನೆನೆಸಿ, ಮೊಳಕೆ ಬರಿಸಿ, ಬೆಣ್ಣೆಯಲ್ಲಿ ಹುರಿದು ಉಪ್ಪು ಮೆಣಸು ಹಾಕಿದ್ದು. ಇದನ್ನು ಉಸಲಿ ಎನ್ನಲು ಬೇಕಾದದ್ದು ಒಂದು ಹಿಡಿ ಕಾಯಿತುರಿ ಅಷ್ಟೆ. ಕ್ರಿಸ್‌ಮಸ್ ಮುನ್ನಾದಿನವೂ ಹಳೆಯ ಪದ್ಧತಿಯಲ್ಲಿ ಉಪವಾಸ. ಅಂದಿನ ಕುಬಾ ಎಂಬ ಅಡುಗೆ ಬಾರ್ಲಿ ನುಚ್ಚು, ಒಣಗಿಸಿದ ಕಾಡಣಬೆ, ಬೆಳ್ಳುಳ್ಳಿ, ಮರುಗ ಸೇರಿಸಿ ಬೇಯಿಸಿದ್ದು. ಸಂಜೆಯವರೆಗೆ ಏನೂ ತಿನ್ನದೆ ಕಾದ ಮಕ್ಕಳಿಗೆ ಗೋಡೆಯ ಮೇಲೆ ಚಿನ್ನದ ಹಂದಿಮರಿ ಕಾಣುತ್ತದೆಂದು ಆಸೆ ತೋರಿಸುತ್ತಾರೆ. ಮಾಂಸ ಬಿಟ್ಟದ್ದಕ್ಕೆ ವರವಾಗಿ ಹಂದಿಯ ದರ್ಶನ! ಇಂಥ ಫಲಶ್ರುತಿ ನಮ್ಮ ಯಾವ ವ್ರತಕಥೆಯಲ್ಲೂ ಸಿಗಲಾರದು. ಮೀನಿಗೆ ಮಾತ್ರ ಆ ವ್ರತದಲ್ಲಿ ರಿಯಾಯಿತಿ ಇತ್ತು, ಆ ರಾತ್ರಿಯ ಊಟಕ್ಕೆ ಇವತ್ತಿಗೂ ಕಾರ್ಪ್ ಮೀನೇ. ‘ಮಾಂಸ ಬೇಡ’ ಎಂದವರಿಗೆ ಮಾಣಿ ಮುಗುಳ್ನಕ್ಕು ಮೀನು ತೋರಿಸಿದರೆ ಅವನು ದಡ್ಡನಲ್ಲ, ಶಾಸ್ತ್ರ ಬಲ್ಲವನು. ಇಂದಿನ ಚೆಕ್ಕರಲ್ಲಿ ಚರ್ಚಿಗೆ ಹೋಗುವವರು ಕಡಿಮೆ, ನಿಜ. ಆದರೆ ಏಕಾದಶಿಯ ನಂಬಿಕೆ ಹೋದಮೇಲೂ ಏಕಾದಶಿಯ ಅವಲಕ್ಕಿ ಉಳಿಸಿಕೊಂಡ ಮನೆಗಳು ನಮ್ಮಲ್ಲೂ ಇವೆಯಲ್ಲ.

ಹೀಗೆ ಹುಡುಕಿದರೆ ಸಿಗುವ ಊಟ ಅಷ್ಟೇನೂ ಅಪರಿಚಿತವಲ್ಲ. ನಾವು ಮಲ್ಲಿಗೆಯ ಜೊತೆ ಕಟ್ಟಿ ಮುಡಿಯುವ ಮರುಗವನ್ನು ಅವರು ಬ್ರಾಂಬೊರಾಚ್ಕಾ ಎಂಬ ಆಲೂಗಡ್ಡೆ ಸಾರಿಗೆ ಹಾಕುತ್ತಾರೆ. ಜಡೆಯಲ್ಲಿ ಘಮಘಮಿಸುವುದು ಬಟ್ಟಲಲ್ಲೂ ಘಮಘಮಿಸುತ್ತದೆ. ಕೊಪ್ರೊವ್ಕಾ ಎಂದರೆ ಕೊಬ್ಬರಿ ಎಂದುಕೊಳ್ಳಬೇಡಿ, ಅದು ಸಬ್ಬಸಿಗೆ ಸೊಪ್ಪಿನ ಹುಳಿಸಿಹಿ ಕ್ರೀಮ್ ಗೊಜ್ಜು. ಕುಲಾಯ್ಡಾ ಎಂಬ ಸಾರಿನಲ್ಲೂ ಅದೇ ಸಬ್ಬಸಿಗೆ, ಜೊತೆಗೆ ಅಣಬೆ, ಆಲೂಗಡ್ಡೆ, ಹುಳಿ. ಮಜ್ಜಿಗೆಹುಳಿಯ ದೂರದ ನೆಂಟ. ಮಸೂರದ ಹುಳಿಬೇಳೆಯೂ ಇದೆ, ಹೊಸ ವರ್ಷಕ್ಕೆ ತಿಂದರೆ ಕೈಯಲ್ಲಿ ಕಾಸು ಓಡಾಡುತ್ತದಂತೆ. ಎಲ್ಲಕ್ಕಿಂತ ಮೇಲಾಗಿ ಓವೊಟ್ಸ್ನೆ ಕ್ನೆಡ್ಲೀಕಿ: ಪ್ಲಮ್ಮನ್ನೋ ಜರ್ದಾಳನ್ನೋ ಇಡಿಯಾಗಿ ಹಿಟ್ಟಿನೊಳಗಿಟ್ಟು ಬೇಯಿಸಿ, ಮೇಲೆ ಕರಗಿದ ಬೆಣ್ಣೆ, ಸಕ್ಕರೆ, ಪುಡಿಮಾಡಿದ ಗಿಣ್ಣು ಹಾಕಿದ ಸಿಹಿಗಡುಬು. ಇದು ಅವರಿಗೆ ಊಟದ ನಂತರದ ಸಿಹಿಯಲ್ಲ, ಊಟವೇ. ಹೋಳಿಗೆಯನ್ನೇ ಊಟವೆಂದು ಎಂಟು ಹೊಡೆಯುವ ನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ.

ಇಲ್ಲಿ ಅಮ್ಮಂದಿರ ಆಕ್ಷೇಪ ಬರುತ್ತದೆ, ಬರಬೇಕಾದ್ದೇ: ಮೊಟ್ಟೆ? ಕರಿದ ಎಣ್ಣೆ? ಗಿಣ್ಣಿಗೆ ಹಾಕುವ ಕರುವಿನ ಹೊಟ್ಟೆಯ ಹೆಪ್ಪು? ಸುಳ್ಳು ಹೇಳಿ ಪ್ರಯೋಜನವಿಲ್ಲ. ಬ್ರೆಡ್ಡಿನ ಕ್ನೆಡ್ಲೀಕಿನಲ್ಲಿ ಮೊಟ್ಟೆ ಇರುತ್ತದೆ. ಸಸ್ಯಾಹಾರಿಗಳ ಆಪದ್ಬಾಂಧವನಾದ ಕರಿದ ಗಿಣ್ಣು, ಪ್ರೀತಿಯ ಹೆಸರಿನಲ್ಲಿ ಸ್ಮಝಾಕ್, ಮೊಟ್ಟೆಯಲ್ಲಿ ಅದ್ದದೆ ಬಾಣಲೆಗೆ ಇಳಿಯುವುದಿಲ್ಲ. ಕುಲಾಯ್ಡಾದ ಮೇಲೂ ಮೊಟ್ಟೆ ತೇಲುತ್ತದೆ. ಆಲೂಗಡ್ಡೆಯ ದೋಸೆಯಾದ ಬ್ರಾಂಬೊರಾಕನ್ನು ಹಂದಿಕೊಬ್ಬಿನಲ್ಲಿ ಹುಯ್ಯುವುದೂ ಉಂಟು. ಹಾಗಾಗಿ ನನ್ನ ವಾದ ‘ಕೇಕಿನಲ್ಲಿ ಮೊಟ್ಟೆ ಕಾಣಿಸುವುದಿಲ್ಲ’ ಎಂಬ ಸಿದ್ಧಾಂತದ ದೊಡ್ಡ ಪಂಗಡಕ್ಕೆ ಪೂರ್ತಿ ಅನ್ವಯಿಸುತ್ತದೆ. ಕಟ್ಟುನಿಟ್ಟಿನವರಿಗೆ ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು, ಸಲಾಡು, ಮತ್ತು ಚೀಲದ ಚಟ್ನಿಪುಡಿ. ಈರುಳ್ಳಿ ಬೆಳ್ಳುಳ್ಳಿಯೂ ಆಗದವರಿಗೆ ಇಸ್ಕಾನ್‌ನವರ ಗೋವಿಂದ ಹೋಟೆಲು. ಲೆಹ್ಕಾ ಹ್ಲಾವಾ, ಮೈತ್ರೇಯ ಮುಂತಾದ ಹೊಸ ಸಸ್ಯಾಹಾರಿ ಹೋಟೆಲುಗಳು ಬಂದಮೇಲೆ ಈ ಪ್ರಶ್ನೆಯೇ ಹಳತಾಯಿತು ಎನ್ನುವವರೂ ಇದ್ದಾರೆ. ಹೊಟ್ಟೆಯ ಮಟ್ಟಿಗೆ ಹೌದು. ಆದರೆ ಸೊಗಸಾದ ಬಟ್ಟಲಲ್ಲಿ ಜೋಡಿಸಿದ ಕಡಲೆಕಾಳು, ಕ್ವಿನೋವಾ ಜಯನಗರದಲ್ಲೂ ಸಿಗುತ್ತದೆ. ಅದನ್ನು ತಿಂದು ಪ್ರಾಗ್ ನೋಡಿದೆ ಎನ್ನಬಹುದು, ಪ್ರಾಗ್ ಉಂಡೆ ಎನ್ನಲಾಗದು.

ಸಸ್ಯಾಹಾರ ಆ ಊರಿಗೆ ನಮ್ಮಂಥವರು ತಂದ ಕಿರಿಕಿರಿ ಎನ್ನುವವರಿಗಂತೂ ಉತ್ತರ ಊರಿನ ಮಗನೇ ಕೊಟ್ಟಿದ್ದಾನೆ. 1883ರಲ್ಲಿ ಪ್ರಾಗ್‌ನಲ್ಲೇ ಹುಟ್ಟಿದ ಫ್ರಾಂಜ್ ಕಾಫ್ಕಾ ಸಸ್ಯಾಹಾರಿ; ಅದೂ ಕಸಾಯಿ ಕೆಲಸದ ಅಜ್ಜನ ಮೊಮ್ಮಗ. ಮಗ ಹಣ್ಣು, ಬಾದಾಮಿ, ಮೊಸರು ಎಂದು ಒಂದೊಂದು ತುತ್ತನ್ನೂ ಅಗಿಯುತ್ತ ಕೂತರೆ ನೋಡಲಾಗದೆ ಅಪ್ಪ ತಿಂಗಳುಗಟ್ಟಲೆ ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದನಂತೆ. ಭಾಷೆ ಬದಲಾಯಿಸಿದರೆ ಇದು ನಮ್ಮ ಯಾವ ಮನೆಯ ಊಟದ ಮೇಜೂ ಆಗಬಹುದು, ಪಾತ್ರಗಳು ಮಾತ್ರ ಅದಲುಬದಲು. 1922ರಲ್ಲಿ ಅವನು ಪ್ರಕಟಿಸಿದ ಒಂದು ಕಥೆಯ ನಾಯಕ ಉಪವಾಸ ಮಾಡುವುದನ್ನೇ ಕಸುಬಾಗಿಸಿಕೊಂಡವನು. ಸಾಯುವ ಮುನ್ನ ಅವನು ಬಾಯಿಬಿಡುವ ಗುಟ್ಟು, ತನಗೆ ರುಚಿಸುವ ಊಟ ಎಲ್ಲೂ ಸಿಗಲಿಲ್ಲ ಎಂಬುದು. ವಿಮರ್ಶಕರು ಇದರಲ್ಲಿ ಕಲಾವಿದನ ಒಂಟಿತನ ಕಾಣುತ್ತಾರೆ. ಹಳೆಯ ಚೌಕದಲ್ಲಿ ಮಧ್ಯಾಹ್ನ ಮೂರಕ್ಕೆ ಹಸಿದು ನಿಂತ ಮಲ್ಲೇಶ್ವರದ ಕುಟುಂಬಕ್ಕೆ ವಿಮರ್ಶೆಯ ಅಗತ್ಯ ಬೀಳುವುದಿಲ್ಲ.

ಕನ್ನಡಿಗರೆಲ್ಲ ಸಸ್ಯಾಹಾರಿಗಳೆಂದು ಯಾರು ಹೇಳಿದರು ಎಂದು ಕೊಡಗಿನಿಂದ ದನಿ ಬಂದರೆ ಅದಕ್ಕೂ ತಲೆಬಾಗುತ್ತೇನೆ. ಪಂದಿ ಕರಿ, ಕಡಂಬುಟ್ಟು ತಿಂದು ಬೆಳೆದವರಿಗೆ ಪ್ರಾಗ್‌ನ ಹಂದಿ-ಕಡುಬು ತವರಿನ ಊಟ, ಮೆಣಸು ಮತ್ತು ಕಾಚಂಪುಳಿ ಮರೆತು ಬಂದ ತವರು ಅಷ್ಟೆ. ಉಳಿದವರಿಗೆ ಕೆಲಸಕ್ಕೆ ಬರುವ ಒಂದೇ ಮಾತು: ಅಲ್ಲಿನ ಕಚೇರಿಯ ಜನ ಉಣ್ಣುವ ‘ಪೊಲೆಡ್ನೀ ಮೆನು’, ಅಂದರೆ ದಿನಕ್ಕೊಂದು ಬಗೆಯ ಅಗ್ಗದ ಮಧ್ಯಾಹ್ನದೂಟ, ಹುಡುಕಿ. ವಾರದ ದಿನದ ಪ್ರಾಗ್ ಇರುವುದು ಅಲ್ಲಿ. ಬೇಳೆಯೋ, ಸಬ್ಬಸಿಗೆ ಗೊಜ್ಜೋ, ಹಣ್ಣಿನ ಕಡುಬೋ ಹೆಚ್ಚಾಗಿ ಸಿಗುವುದೂ ಅಲ್ಲೇ. ಅದು ಸುಮಾರು ಹನ್ನೊಂದಕ್ಕೆ ಶುರುವಾಗಿ ಎರಡರ ಹೊತ್ತಿಗೆ ಮುಗಿಯುತ್ತದೆ. ಒಂಬತ್ತನೇ ಶತಮಾನದಿಂದ ಗುಡ್ಡದ ಮೇಲಿರುವ ಕೋಟೆ ಮೂರು ಗಂಟೆಗೂ ಅಲ್ಲೇ ಇರುತ್ತದೆ. ಮೊದಲು ಊಟ ಮಾಡಿ.