ಸರ್ಕಾರಿ ವಾಲ್ಮೀಕಿ ಜಯಂತಿಯವರ ಸನ್ನಿಧಾನಕ್ಕೆ

ಪರಮಪೂಜ್ಯ ಜಯಂತಿಯವರೇ,

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸಬೇಡರ ಹಟ್ಟಿಗಳಿಂದ ತಮಗೆ ಸಾಷ್ಟಾಂಗ ನಮಸ್ಕಾರ. ಇತ್ತ ನಾವೆಲ್ಲ ಕ್ಷೇಮ. ದನಗಳ ಕ್ಷೇಮವನ್ನು ತಾವು ಕೇಳುವುದಿಲ್ಲ, ನಾವು ಹೇಳುವುದಿಲ್ಲ ಎಂದು ನಡೆದುಬಂದಿದೆ. ಇವತ್ತು ಆ ಪದ್ಧತಿ ಮುರಿಯುತ್ತಿದ್ದೇವೆ, ಹೊಟ್ಟೆಗೆ ಹಾಕಿಕೊಳ್ಳಬೇಕು.

ಮಳೆ ಕೈಕೊಟ್ಟ ವರ್ಷವೂ ತಾವು ಕೈಕೊಟ್ಟವರಲ್ಲ. ಸೀಗೆ ಹುಣ್ಣಿಮೆಗೆ ಸರಿಯಾಗಿ ರಜೆ, ಮೆರವಣಿಗೆ, ಹಾರ, ಶಾಲುಗಳ ಸಮೇತ ದಯಮಾಡಿಸುತ್ತೀರಿ. ನಮ್ಮ ಹುಡುಗನಿಗೆ ವಾಲ್ಮೀಕಿ ವೇಷಕ್ಕೆಂದು ಹತ್ತಿಯ ಗಡ್ಡ ಅಂಟಿಸಿ, ರಟ್ಟಿನ ಬಿಲ್ಲು ಕೊಟ್ಟು ಟ್ರ್ಯಾಕ್ಟರ್ ಮೇಲೆ ನಿಲ್ಲಿಸುತ್ತೀರಿ. ಬಿಸಿಲಿಗೆ ಗೋಂದು ಬಿಟ್ಟು ಗಡ್ಡ ಕೊರಳಿಗಿಳಿಯುತ್ತದೆ. ಒಂದು ಕೈಯಲ್ಲಿ ಗಡ್ಡ, ಇನ್ನೊಂದರಲ್ಲಿ ಬಿಲ್ಲು ಹಿಡಿದೇ ಅವನು ಊರೆಲ್ಲ ಸುತ್ತುತ್ತಾನೆ. ಅವನಪ್ಪ ಕಿಲಾರಿ, ದೇವರ ಎತ್ತು ಕಾಯುವವನು. ಆ ದನಗಳನ್ನು ಉಳುಮೆಗೆ ಕಟ್ಟುವಂತಿಲ್ಲ, ಮಾರುವಂತಿಲ್ಲ. ಬರ ಬಿದ್ದರೆ ಮೇವಿಗೆ ದಾನಿಗಳ ಮುಂದೆ ಕೈಯೊಡ್ಡಬೇಕು. ಗಂಜಲದ ವಾಸನೆಯ ಆ ಮನುಷ್ಯನನ್ನು ವೇದಿಕೆಗೆ ಕರೆಯದೆ ಶಾಲಿನ ಮಾನ ಉಳಿಸಿದ್ದೀರಿ. ದೊಡ್ಡ ಉಪಕಾರ.

ದನ ಹೊಡೆದುಕೊಂಡು ಅಲೆಯುವ ತಾಪತ್ರಯವನ್ನೂ ತಮ್ಮ ಸರ್ಕಾರ ತಪ್ಪಿಸಿತು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ಕಾವಲೆಂದು ಉಳಿದಿದ್ದ ಹುಲ್ಲುಗಾವಲಿನಲ್ಲಿ ಡಿಆರ್‌ಡಿಒಗೆ 4,290 ಎಕರೆ, ಬಾರ್ಕ್‌ಗೆ 1,810, ಐಐಎಸ್‌ಸಿಗೆ 1,500, ಇಸ್ರೋಗೆ 573 ಎಕರೆ ಹೋಯಿತು. ದೇಶದ ಕೆಲಸ, ಬೇಡವೆನ್ನಲು ನಾವ್ಯಾರು? ಕೇಳಿದ್ದರೆ ಹೂಂ ಎನ್ನುತ್ತಿದ್ದೆವೇನೋ. ಕೇಳದೆ ನಮ್ಮ ಬಾಯಿಗೆ ವಿಶ್ರಾಂತಿ ಕೊಟ್ಟಿರಿ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ದನ ಮೇಯಿಸುವುದೂ ಒಂದು ಹಕ್ಕೆಂದು ಬರೆದಿದೆಯಂತೆ. ತಮ್ಮ ವೇದಿಕೆಯಲ್ಲಿ ಒಮ್ಮೆಯೂ ಕೇಳಿಬರಲಿಲ್ಲವಾದ್ದರಿಂದ ಗಾಳಿಮಾತಿರಬೇಕು ಎಂದುಕೊಂಡಿದ್ದೇವೆ.

ಇನ್ನು ಮಹರ್ಷಿಗಳಿಗೆ ಸಂದ ಗೌರವವಂತೂ ದೊಡ್ಡದು. ಅವರು ರಾಮಾಯಣದಲ್ಲಿ ಹಾರಿಸಿದ ಪುಷ್ಪಕದ ಹೆಸರನ್ನೇ ಇಸ್ರೋ ತನ್ನ ಮರುಬಳಕೆ ನೌಕೆಗೆ ಇಟ್ಟು, 2024ರಲ್ಲಿ ಚಳ್ಳಕೆರೆಯ ರನ್‌ವೇ ಮೇಲೆ ಇಳಿಸಿ ನೋಡಿತು. ಚಂದ್ರಯಾನದ ಪರೀಕ್ಷೆಗೆ ಚಂದ್ರನಲ್ಲಿರುವಂಥ ಕುಳಿಗಳನ್ನು ತೋಡಿದ್ದೂ ಉಳ್ಳಾರ್ತಿ ಕಾವಲಿನಲ್ಲೇ. ಪುಷ್ಪಕಕ್ಕೆ ಜಾಗವಾಯಿತು, ಚಂದ್ರನಿಗೂ ಆಯಿತು. ನಮ್ಮ ಹಸುವಿಗೆ ಮಾತ್ರ ಗೇಟಿನಲ್ಲಿ ಪಾಸ್ ಕೇಳುತ್ತಾರೆ.

ತಮ್ಮೊಬ್ಬರನ್ನೇ ದೂರುತ್ತಿದ್ದೇವೆ ಎಂದುಕೊಳ್ಳಬಾರದು. ಅಮೆರಿಕದ ಬರ್ಕ್ಲಿ ನಗರ 1992ರಲ್ಲಿ ಕೊಲಂಬಸ್ ದಿನವನ್ನು ಮೂಲನಿವಾಸಿಗಳ ದಿನವಾಗಿಸಿತು. 1994ರಲ್ಲಿ ವಿಶ್ವಸಂಸ್ಥೆ ಅಂಥದೇ ದಿನಕ್ಕೆ ಆಗಸ್ಟ್ 9ನ್ನು ಗೊತ್ತುಮಾಡಿತು. ನಮ್ಮಲ್ಲಿ ದಿನದ ಜೊತೆಗೆ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ವಿಧಾನಸಭಾ ಕ್ಷೇತ್ರಗಳನ್ನು ಪರಿಶಿಷ್ಟ ಪಂಗಡಕ್ಕೆ ಮೀಸಲಿಟ್ಟಿದ್ದಾರೆ. ಕ್ಯಾಲೆಂಡರಿನಲ್ಲಿ ಜಾಗ ಕೊಟ್ಟರು, ಮತಪತ್ರದಲ್ಲಿ ಕೊಟ್ಟರು. ಕಾವಲಿನಲ್ಲೂ ಕೇಳಿದರೆ ದುರಾಸೆ ಎಂದಾರು.

ಆದ್ದರಿಂದ ಸಣ್ಣದೊಂದು ಅರಿಕೆ. ಮುಂದಿನ ವರ್ಷ ತಮ್ಮ ಶಾಮಿಯಾನವನ್ನು ಕಾವಲಿನ ಕಾಂಪೌಂಡಿನೊಳಗೇ ಹಾಕಿಸಬೇಕು. ತಮ್ಮ ಕಾರುಗಳಿಗಾದರೂ ಗೇಟು ತೆರೆದಾರು. ಹಿಂದೆಯೇ ದನ ಹೊಡೆದುಕೊಂಡು ನಾವೂ ನುಗ್ಗುತ್ತೇವೆ. ಶಾಲು, ಹಾರ, ಊಟ ಯಾವುದೂ ಬೇಡ. ಭಾಷಣಗಳನ್ನು ಮಾತ್ರ ಮೊಟಕು ಮಾಡಬಾರದು. ಸಂಜೆಯತನಕ ಒಬ್ಬರಾದಮೇಲೊಬ್ಬರು ಮಾತಾಡಲಿ, ಕೂತು ಚಪ್ಪಾಳೆ ತಟ್ಟುತ್ತೇವೆ. ಅಷ್ಟು ಹೊತ್ತೂ ದನಗಳು ಮೇಯುತ್ತವೆ.

ಇಂತಿ ತಮ್ಮ ವಿಧೇಯ,
ಕಾಂಪೌಂಡಿನ ಈಚೆಯವನು