ಇರಲಿ ಬಿಡಿ, ಆಮೇಲೆ ಓದೋಣ

ಕೆಲವರ ಬ್ರೌಸರಿನಲ್ಲಿ ಟ್ಯಾಬುಗಳು ಹೆಸರೂ ಕಾಣದಷ್ಟು ಸಣಕಲಾಗಿ ಒತ್ತೊತ್ತಾಗಿ ನಿಂತಿರುತ್ತವೆ. ಮುಗಿದುಹೋದ ಪ್ರಯಾಣದ ರೈಲು ವೇಳಾಪಟ್ಟಿ, ಹೀರೇಕಾಯಿ ಸಿಪ್ಪೆ ಚಟ್ನಿ, ಅರ್ಧ ತುಂಬಿದ ಯಾವುದೋ ಅರ್ಜಿ. ಮುಚ್ಚಿ ಎಂದರೆ, "ಇರಲಿ ಬಿಡಿ, ಅದೇನು ಅನ್ನ ಕೇಳುತ್ತಾ?"

ಕೇಳುತ್ತೆ ಸ್ವಾಮಿ! 2008ರಲ್ಲಿ ಬಂದ ಕ್ರೋಮ್, ಟ್ಯಾಬುಗಳಿಗೆ ಬೇರೆ ಬೇರೆ ಪ್ರೊಸೆಸ್ ಕೊಟ್ಟು ಸಂಸಾರ ಹೂಡಿಸಿತು. ಒಂದು ಕುಸಿದರೂ ಉಳಿದವು ಬದುಕಲಿ ಎಂಬ ಸದುದ್ದೇಶವೇ. ಆದರೆ ಒಲೆ ಬೇರೆಯಾದಷ್ಟೂ ಸೌದೆ ಜಾಸ್ತಿ, ಮೆಮೊರಿ ಬರಿದು. ವಿಂಡೋಸ್‌ನಲ್ಲಿ ಶಿಫ್ಟ್ ಜೊತೆ ಎಸ್ಕೇಪ್ ಒತ್ತಿದರೆ ಕ್ರೋಮ್‌ನ ಟಾಸ್ಕ್ ಮ್ಯಾನೇಜರ್ ಯಾರು ಎಷ್ಟು ತಿಂದರೆಂದು ಚಾಡಿ ಹೇಳುತ್ತದೆ.

2022ರ ಕೊನೆಗೆ ಮೆಮೊರಿ ಸೇವರ್ ಬಂತು. ಬಹಳ ಹೊತ್ತು ಮುಟ್ಟದ ಟ್ಯಾಬನ್ನು ಮೆಮೊರಿಯಿಂದ ಇಳಿಸಿ, ಹೆಸರನ್ನಷ್ಟೇ ಮೇಲೆ ಉಳಿಸುತ್ತದೆ. ಕ್ಲಿಕ್ಕಿಸಿದರೆ ಪುಟ ಮತ್ತೆ ಲೋಡ್. (ಎಡ್ಜ್‌ನಲ್ಲೂ ಇಂಥದೇ ನಿದ್ದೆಯ ಏರ್ಪಾಡಿದೆ.) ನನಗೇನೋ ಇದು ಅತಿಯಾದ ಮುದ್ದು ಅನಿಸುತ್ತದೆ. ಉಳಿದ ಮೆಮೊರಿಯಲ್ಲಿ ನಮ್ಮವರು ಇನ್ನಷ್ಟು ಟ್ಯಾಬು ತೆರೆಯುತ್ತಾರೆ, ಅಷ್ಟೆ.

ಆಂಡ್ರಾಯ್ಡ್ ಫೋನಿನ ಕ್ರೋಮ್ ಅಂತೂ 99 ದಾಟಿದರೆ ಎಣಿಸುವುದನ್ನೇ ಬಿಟ್ಟು ನಗುಮುಖ ತೋರಿಸುತ್ತದೆ. ಅದನ್ನು ಬಹುಮಾನವೆಂದುಕೊಂಡವರೂ ಇದ್ದಾರೆ.